41 ಅರ್ಜಿ, ಎರಡೇ ಉತ್ತರ: ಇಂಟರ್ನ್‌ಶಿಪ್‌ಗೆ ಬರೆಯುವಾಗ ನಾನು ಎಡವುತ್ತಿರುವುದು ಎಲ್ಲಿ?

ಪ್ರಶ್ನೆ: ನಿಗಡಿ ನಿವಾಸಿ

ಎಲ್ಲ ಹಿರಿಯರಿಗೆ ನಮಸ್ಕಾರ. ನಾನು ಪುಣೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ. ತಂದೆಯವರು ಮುಧೋಳದ ಕಡೆಯವರು. ಪಿಂಪ್ರಿಯಲ್ಲಿ ಕೆಲಸ ಸಿಕ್ಕ ಮೇಲೆ ನಾವು ನಿಗಡಿಯಲ್ಲೇ ನೆಲೆಸಿದ್ದೇವೆ. ಬೇಸಿಗೆಯ ಇಂಟರ್ನ್‌ಶಿಪ್‌ಗಾಗಿ ಫೆಬ್ರುವರಿಯ ಕೊನೆಯಿಂದ ಇಲ್ಲಿಯವರೆಗೆ ಚಾಕಣ, ಭೋಸರಿ, ತಳೇಗಾಂವ್ ಸುತ್ತಲಿನ 41 ಕಂಪನಿಗಳಿಗೆ ಅರ್ಜಿ ಕಳಿಸಿದ್ದೇನೆ. ಬಂದ ಉತ್ತರ ಎರಡೇ: ಒಂದು ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಯಾಂತ್ರಿಕ ಸಂದೇಶ, ಇನ್ನೊಂದು ಸಂದರ್ಶನವೇ ಇಲ್ಲದೆ ನನ್ನನ್ನು ಆಯ್ಕೆ ಮಾಡಿ, ನೋಂದಣಿಗೆಂದು 3,000 ರೂಪಾಯಿ ಕಟ್ಟಲು ಹೇಳಿದ ಪತ್ರ. ಹಣವನ್ನು ಇನ್ನೂ ಕಟ್ಟಿಲ್ಲ.

ನನ್ನ ಸಿಜಿಪಿಎ 7.4. ರೆಸ್ಯುಮೆ ಎರಡು ಪುಟದ್ದು. ಮೇಲೆ ಫೋಟೋ, ಅದರ ಕೆಳಗೆ ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ನನ್ನ ಜ್ಞಾನವನ್ನು ಬೆಳೆಸಿಕೊಳ್ಳುವುದು’ ಎಂಬ ಉದ್ದೇಶ, ಆಮೇಲೆ ಬಲ್ಲ ಸಾಫ್ಟ್‌ವೇರ್‌ಗಳಾದ ಕ್ಯಾಟಿಯಾ, ಸಾಲಿಡ್‌ವರ್ಕ್ಸ್, ಆನ್ಸಿಸ್, ಮ್ಯಾಟ್‌ಲ್ಯಾಬ್ ಇವುಗಳ ಪಟ್ಟಿ ಇದೆ. ಭಾಷೆಗಳ ಜಾಗದಲ್ಲಿ ಇಂಗ್ಲಿಷ್ ಮತ್ತು ಹಿಂದಿ ಎಂದು ಬರೆದಿದ್ದೇನೆ. ಎಲ್ಲ ಕಡೆಗೂ ಇದೇ ಪ್ರತಿ ಹೋಗಿದೆ. ತಪ್ಪು ಅಂಕದ್ದೋ, ಕಾಲೇಜಿನ ಹೆಸರಿನದ್ದೋ, ಅರ್ಜಿಯದ್ದೋ ತಿಳಿಯುತ್ತಿಲ್ಲ.

ಉತ್ತರ: ಭೋಸರಿ ಕ್ವಾಲಿಟಿ ವಿಭಾಗ

ನೀನು ನನ್ನ ಮಗನ ವಯಸ್ಸಿನವನಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ, ಬೇಸರಿಸಬೇಡ. ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ನಿನ್ನಂಥವರ ಅರ್ಜಿಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ. 7.4 ನಿನಗೆ ಅಡ್ಡಿಯಾಗಿಲ್ಲ. ನೀನು ಬರೆದದ್ದರಲ್ಲಿ ನೀನು ಮಾಡಿದ ಕೆಲಸ ಒಂದೂ ಇಲ್ಲದಿರುವುದೇ ಅಡ್ಡಿ.

ಕಳೆದ ವರ್ಷ ನಿನ್ನ ಪಟ್ಟಿಯಲ್ಲಿರುವ ನಾಲ್ಕೂ ಸಾಫ್ಟ್‌ವೇರ್‌ಗಳನ್ನು ಬರೆದಿದ್ದ ಹುಡುಗನೊಬ್ಬನನ್ನು ಕರೆಸಿದ್ದೆ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಅದರ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಕೇಳಿದರೆ 0.2 ಮಿಲಿಮೀಟರ್ ಎಂದ. ಅದು 0.02ರದ್ದು. ಹತ್ತು ಪಟ್ಟು ವ್ಯತ್ಯಾಸವಿರುವ ಆ ಉತ್ತರಕ್ಕಿಂತ ನನಗೆ ಹೆಚ್ಚು ಬೇಸರವಾದದ್ದು, ಉಪಕರಣ ಕೈಯಲ್ಲೇ ಇದ್ದರೂ ಅದನ್ನೊಮ್ಮೆ ತಿರುಗಿಸಿ, ಗೆರೆಗಳನ್ನು ನೋಡಿ ಹೇಳಬೇಕೆಂದು ಅವನಿಗೆ ಹೊಳೆಯದೇ ಹೋದದ್ದು. ಒಂದೇ ಸಾಫ್ಟ್‌ವೇರ್ ಬರೆ. ಆದರೆ ಅದರಲ್ಲಿ ಯಾವ ಭಾಗದ ಡ್ರಾಯಿಂಗ್ ಮಾಡಿದೆ, ಅದನ್ನು ಯಾರಾದರೂ ತಯಾರಿಸಿದರೋ ಇಲ್ಲವೋ ಎಂಬುದನ್ನೂ ಬರೆ. ನೀನು ಕೈಯಾರೆ ಏನನ್ನಾದರೂ ಮಾಡಿದ್ದೀಯಾ?

ಇನ್ನೊಂದು ಮಾತು. ನಾವು ಕಚೇರಿಯ ಸ್ಥಿರ ದೂರವಾಣಿಯಿಂದ ಕರೆ ಮಾಡುತ್ತೇವೆ. ಅಪರಿಚಿತ ಸಂಖ್ಯೆಯೆಂದು ಅರ್ಧದಷ್ಟು ಹುಡುಗರು ಎತ್ತುವುದೇ ಇಲ್ಲ, ಎತ್ತದವರು ತಿರುಗಿ ಕೇಳುವುದೂ ಇಲ್ಲ. ಎರಡನೆಯ ಸಲ ಕರೆ ಮಾಡುವಷ್ಟು ಪುರಸೊತ್ತು ನಮಗೂ ಇರುವುದಿಲ್ಲ.

ನಿಗಡಿ ನಿವಾಸಿ

ಧನ್ಯವಾದ ಸರ್. ಕಳೆದ ದೀಪಾವಳಿ ರಜೆಯಲ್ಲಿ ಮುಧೋಳದಲ್ಲಿರುವ ಸೋದರಮಾವನ ಲೇತ್ ಅಂಗಡಿಯಲ್ಲಿ 18 ದಿನ ಕೆಲಸ ಮಾಡಿದ್ದೆ. ಆಲೆಮನೆಗಳು ಶುರುವಾಗುವ ಹೊತ್ತು ಅದು. ಕಬ್ಬಿನ ಗಾಣಗಳ ಸವೆದ ಗನ್‌ಮೆಟಲ್ ಬುಷ್‌ಗಳನ್ನು (ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆಗಳನ್ನು) ಬದಲಿಸಲು ರೈತರು ಸಾಲುಗಟ್ಟುತ್ತಿದ್ದರು. ಬುಷ್‌ಗಳನ್ನು ನಾನೇ ಕಡೆದಿದ್ದೇನೆ. ಹಳ್ಳಿಯ ಅಂಗಡಿಯ ಕೆಲಸ ಚಾಕಣದ ಕಂಪನಿಗಳಿಗೆ ಕ್ಷುಲ್ಲಕವಾಗಿ ಕಾಣಬಹುದೆಂದು ರೆಸ್ಯುಮೆಯಲ್ಲಿ ಬರೆಯಲಿಲ್ಲ.

ಉತ್ತರ: ಡೊಂಬಿವಲಿಯಿಂದ

ಅಂಧೇರಿಯ ಕಚೇರಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಭೋಸರಿಯವರು ಕಾರ್ಖಾನೆಯ ಕಡೆಯಿಂದ ಹೇಳಿದ್ದಾರೆ. ನಾನು ಅರ್ಜಿ ಅವರ ಮೇಜನ್ನು ಮುಟ್ಟುವ ಮೊದಲಿನ ಮಾತನ್ನು ಹೇಳುತ್ತೇನೆ. ದೊಡ್ಡ ಕಂಪನಿಗಳಲ್ಲಿ ರೆಸ್ಯುಮೆಯನ್ನು ಹಲವು ಸಲ ಮೊದಲು ಸಾಫ್ಟ್‌ವೇರ್ ಓದಿ, ಹೆಸರು, ವಿದ್ಯಾಭ್ಯಾಸ, ಕೌಶಲ ಎಂದು ಬೇರ್ಪಡಿಸುತ್ತದೆ. ಎರಡು ಕಾಲಂ, ಚೌಕಟ್ಟು, ಚಿತ್ರದೊಳಗೆ ಸೇರಿಸಿದ ಅಕ್ಷರ ಇವೆಲ್ಲ ಅಲ್ಲಿ ಕಲಸುಮೇಲೋಗರವಾಗುತ್ತವೆ. ಒಂದೇ ಕಾಲಂ, ಒಂದೇ ಪುಟ, ಫೋಟೋ ಬೇಡ. ನಿಮ್ಮ ಕಡತದ ಹೆಸರು ‘ರೆಸ್ಯುಮೆ ಫೈನಲ್ ನ್ಯೂ 2’ ಎಂದೇನಾದರೂ ಇದ್ದರೆ ಅದನ್ನು ತೆಗೆದು ನಿಮ್ಮ ಹೆಸರನ್ನೂ ವಿಭಾಗವನ್ನೂ ಇಡಿ. ಇಂಥ ‘ಫೈನಲ್’ಗಳನ್ನು ನಾನು ದಿನವೂ ನೋಡುತ್ತೇನೆ.

ಕಾಲದ ಲೆಕ್ಕದಲ್ಲೂ ನೀವು ಹಿಂದೆ ಬಿದ್ದಿದ್ದೀರಿ. ಮೇ ತಿಂಗಳ ಇಂಟರ್ನ್‌ಶಿಪ್‌ಗೆ ಹಲವು ದೊಡ್ಡ ಕಂಪನಿಗಳು ಡಿಸೆಂಬರ್, ಜನವರಿಯಲ್ಲೇ ಆಯ್ಕೆ ಶುರು ಮಾಡಿರುತ್ತವೆ. ಸಣ್ಣ ಕಾರ್ಖಾನೆಗಳು ಮಾತ್ರ ಕೊನೆಯ ವಾರದವರೆಗೂ ತೆರೆದಿರುತ್ತವೆ, ಆದ್ದರಿಂದ ಈಗ ಅತ್ತ ಗಮನ ಕೊಡಿ. ಮನವಿ ಪತ್ರವನ್ನು ಎಐ ಕೈಗೆ ಕೊಟ್ಟಿದ್ದರೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಒಂದೇ ಬೆಳಿಗ್ಗೆ ಐವರು ಅಭ್ಯರ್ಥಿಗಳಿಂದ ಅಕ್ಷರ ಬದಲಾಗದ ಒಂದೇ ಆರಂಭದ ವಾಕ್ಯ ಬಂದದ್ದನ್ನು ನಾನು ನೋಡಿದ್ದೇನೆ. ಅವರಲ್ಲೊಬ್ಬರು ಬೇರೆ ಕಂಪನಿಯ ಹೆಸರನ್ನೂ ಹಾಗೇ ಉಳಿಸಿದ್ದರು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ಅರ್ಜಿ ಹಾಕಬಹುದೇ ಎಂದು ಅನೇಕ ವಿದ್ಯಾರ್ಥಿಗಳು ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 5,000 ರೂಪಾಯಿಯ ನೆರವಿನೊಂದಿಗೆ ಅದು ಆರಂಭವಾದಾಗ, ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟಿತ್ತು. ನಿಯಮ ಓದದೆ ಅಲ್ಲಿ ಗಂಟೆಗಟ್ಟಲೆ ಮಾಹಿತಿ ತುಂಬಿ ಕೂತವರುಂಟು. ಆ 3,000 ರೂಪಾಯಿಯನ್ನಂತೂ ಕಟ್ಟಲೇಬೇಡಿ. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳುವುದಿಲ್ಲ. ಯಾರಾದರೂ ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಉತ್ತರ: ಚಾಕಣ ಖರೀದಿ ವಿಭಾಗ

ನನ್ನ ತಕರಾರು ಭಾಷೆಗಳ ಸಾಲಿನ ಮೇಲೆ. ಕನ್ನಡ ಮನೆಯ ಮಾತು, ಮರಾಠಿ ಬೀದಿಯ ಮಾತು. ಎರಡನ್ನೂ ಬಿಟ್ಟು ಇಂಗ್ಲಿಷ್, ಹಿಂದಿ ಎಂದು ಬರೆದಿದ್ದೀರಿ. ನಮಗೆ ಎರಕದ ಭಾಗಗಳು ಬರುವುದು ಬೆಳಗಾವಿ ಮತ್ತು ಕೊಲ್ಹಾಪುರದ ಫೌಂಡ್ರಿಗಳಿಂದ. ಎರಕದಲ್ಲಿ ಬ್ಲೋಹೋಲ್ (ಒಳಗೆ ಅನಿಲ ಸಿಕ್ಕಿ ಆಗುವ ತೂತು) ಬಂದು ಉತ್ಪಾದನೆಯ ಲೈನ್ ನಿಂತ ದಿನ ಬೆಳಗಾವಿಯ ಮೇಸ್ತ್ರಿಗೆ ಇಂಗ್ಲಿಷಿನಲ್ಲಿ ಇಮೇಲ್ ಕಳಿಸಿದರೆ ಸಂಜೆಯವರೆಗೆ ಕಾಯಬೇಕು. ಕನ್ನಡದಲ್ಲಿ ಫೋನ್ ಮಾಡಿ ‘ಏನ್ರೀ, ಈ ಸಲ ಮರಳಿನ್ಯಾಗ ಹಸಿ ಜಾಸ್ತಿ ಆಗೇತೇನು?’ ಎಂದು ಕೇಳಿದರೆ ಕಾರಣ ಅಲ್ಲೇ ತಿಳಿಯುತ್ತದೆ. ಇಲ್ಲಿನ ಶಾಪ್‌ಫ್ಲೋರ್‌ಗೆ ಮರಾಠಿ ಬೇಕೇ ಬೇಕು. ಎರಡನ್ನೂ ಬರೆಯಿರಿ. ಆದರೆ ಮೊಬೈಲಿನಲ್ಲಿ ಎರಡು ತಿಂಗಳು ಕಲಿತ ಜರ್ಮನ್ ಇದ್ದರೆ ಅದನ್ನು ದಯವಿಟ್ಟು ಬಿಡಿ.

ಆಯ್ಕೆಯಾದ ಮೇಲೆ ಕಾಲೇಜಿನ ಅನುಮತಿ ಪತ್ರ, ವಿಮೆಯ ಪ್ರತಿ ಎಂದು ಓಡಾಡಿ ಎರಡು ವಾರ ಕಳೆದುಕೊಂಡವರನ್ನು ಕಂಡಿದ್ದೇನೆ. ಪರೀಕ್ಷೆ ಶುರುವಾಗುವ ಮೊದಲೇ ಪತ್ರ ಮಾಡಿಸಿಟ್ಟುಕೊಳ್ಳಿ.

ನಿಗಡಿ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಉದ್ದೇಶದ ಸಾಲನ್ನೂ ಫೋಟೋವನ್ನೂ ತೆಗೆದಿದ್ದೇನೆ. ಕನ್ನಡ, ಮರಾಠಿ ಸೇರಿಸಿದ್ದೇನೆ. ಹಣ ಕೇಳಿದವರಿಗೆ ಉತ್ತರ ಕೊಟ್ಟಿಲ್ಲ. ಮೊದಲ ಸಾಲು ಈಗ ಹೀಗಿದೆ: ‘ಮುಧೋಳದ ಲೇತ್ ಅಂಗಡಿಯಲ್ಲಿ 18 ದಿನ, ಕಬ್ಬಿನ ಗಾಣಗಳಿಗೆ 26 ಗನ್‌ಮೆಟಲ್ ಬುಷ್‌ಗಳನ್ನು ಕಡೆದಿದ್ದೇನೆ, ಅವುಗಳಲ್ಲಿ 3 ತಿರಸ್ಕೃತವಾದವು.’ ತಿರಸ್ಕೃತವಾದವುಗಳ ಲೆಕ್ಕವನ್ನು ಇಡಬೇಕೋ ತೆಗೆಯಬೇಕೋ?

ಉತ್ತರ: ಭೋಸರಿ ಕ್ವಾಲಿಟಿ ವಿಭಾಗ

ಇಡಲೇಬೇಕು. ಅಂದ ಹಾಗೆ, ಒಳವ್ಯಾಸವನ್ನು ಯಾವುದರಿಂದ ಅಳೆದೆ?

ನಿಗಡಿ ನಿವಾಸಿ

ಮಾವನ ಬಳಿ ಇನ್‌ಸೈಡ್ ಮೈಕ್ರೋಮೀಟರ್ ಇರಲಿಲ್ಲ ಸರ್. ರೈತರು ತಂದ ಗಾಣದ ಶಾಫ್ಟನ್ನೇ ತೂರಿಸಿ ನೋಡುತ್ತಿದ್ದೆವು. ಆ ಮೂರರಲ್ಲಿ ಶಾಫ್ಟ್ ಅಲುಗಾಡುತ್ತಿತ್ತು.

ಉತ್ತರ: ಭೋಸರಿ ಕ್ವಾಲಿಟಿ ವಿಭಾಗ

ಅದನ್ನೂ ಹಾಗೆಯೇ ಬರೆ. ಸಂದರ್ಶನಕ್ಕೆ ಎದುರಿಗೆ ನಾನು ಕೂತಿದ್ದರೆ ಆ ಅಲುಗಾಡಿದ ಮೂರು ಬುಷ್‌ಗಳಿಂದಲೇ ಮಾತು ಶುರು ಮಾಡುತ್ತಿದ್ದೆ.