ಸಹಾಯ ಬೇಕು: ಜಂಬೋ ಬ್ಯಾಗ್ ರೇಟಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ರ ನಮ್ಮದೊಂದು ಸಣ್ಣ ಬೆಲ್ಲದ ಪುಡಿ ಘಟಕ. ಇಷ್ಟು ದಿನ 50 ಕೆಜಿ ಚೀಲ. ಈಗ ಒಬ್ಬ ಗಿರಾಕಿ 1 ಟನ್ ಜಂಬೋ ಬ್ಯಾಗಲ್ಲೇ ಬೇಕು ಅಂತಿದಾರೆ.

ಮೂರು ಕಡೆ ರೇಟ್ ಕೇಳಿದೆ, ಒಂದಕ್ಕೊಂದು ತಾಳೆನೇ ಇಲ್ಲ. ಬಟ್ಟೆಯ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಲೈನರ್ (ಒಳಗಿನ ಪ್ಲಾಸ್ಟಿಕ್ ಚೀಲ), ಕೆಳಗಡೆ ಸುರಿಯೋ ಬಾಯಿ, ಪ್ರಿಂಟಿಂಗ್, ಎಷ್ಟು ಚೀಲ ತಗೋತೀವಿ ಅನ್ನೋದು, ಎಲ್ಲದರ ಮೇಲೂ ಬೆಲೆ ನಿಂತಿದೆ. ಚೀಲ ನೇಯೋ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್, ಅದರ ದರ ಏರಿದ್ರೆ ಚೀಲದ ರೇಟೂ ಏರುತ್ತೆ. ಬೆಲ್ಲ ತೇವ ಎಳ್ಕೊಳ್ಳುತ್ತೆ, ಹಾಗಾಗಿ ಲೈನರಲ್ಲಿ ಮಾತ್ರ ನಾನು ಉಳಿಸೋಕೆ ಹೋಗಲ್ಲ.

ಸಿಕ್ಕಾಕೊಂಡಿರೋದು ಸೇಫ್ಟಿ ಫ್ಯಾಕ್ಟರ್‌ ವಿಷಯದಲ್ಲಿ, ಅಂದ್ರೆ ಚೀಲದ ಮೇಲೆ ಬರೆದ ತೂಕದ ಎಷ್ಟು ಪಟ್ಟು ಅದು ತಡ್ಕೊಳ್ಳುತ್ತೆ ಅನ್ನೋ ಲೆಕ್ಕ. 5:1 ಒಂದೇ ಸಲಕ್ಕೆ, 6:1 ಮತ್ತೆ ಮತ್ತೆ ಬಳಸೋಕೆ, ಅದಕ್ಕೇ ದುಬಾರಿ.

ಬಳಸಿದವರು ದಯವಿಟ್ಟು ಹೇಳಿ: ತಿನ್ನೋ ಪದಾರ್ಥಕ್ಕೆ ಲೈನರ್ ಮಾತ್ರ ಬದಲಾಯಿಸಿ 6:1 ಚೀಲ ಮತ್ತೆ ತುಂಬಬಹುದಾ, ಇಲ್ಲ ಪ್ರತಿ ಸಲ ಹೊಸ 5:1 ತಗೊಳ್ಳೋದೇ ಸರಿಯಾ?