ಅಪ್‌ಡೇಟ್: ಡೆಬಿಯನ್‌ಗೆ ಕೊನೆಗೂ ಆರ್‌ಎಕ್ಸ್ 6600 ತಗೊಂಡೆ

ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇರುವ ನನ್ನ ಡೆಸ್ಕ್‌ಟಾಪ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಹಳೆಯ ಕಾರ್ಡ್‌ಗೆ ಡ್ರೈವರ್ ಪ್ರತ್ಯೇಕವಾಗಿ ಹಾಕಬೇಕಿತ್ತು. ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಅಪ್‌ಡೇಟ್ ಆದಾಗಲೆಲ್ಲ ಪರದೆ ಕಪ್ಪು. ಸಾಕಾಗಿ ಹೋಗಿತ್ತು.

ಎಎಂಡಿ ಕಾರ್ಡ್ ಆದರೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತೆ ಅಂದಿರಿ, ನೀವು ಹೇಳಿದ ಹಾಗೆ ಎಎಂಡಿಯ ಆರ್‌ಎಕ್ಸ್ 6600 ತಗೊಂಡೆ. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್. ಇದ್ದ ಪವರ್ ಸಪ್ಲೈ ಸಾಕಾಯಿತು.

ಮೊದಲ ಸಲ ಆನ್ ಮಾಡಿದಾಗ ಗಾಬರಿಯಾಯಿತು. ಡೆಸ್ಕ್‌ಟಾಪ್ ಬಂತು, ಆದರೆ ವಿಂಡೋ ಎಳೆದರೆ ತಡವರಿಸುತ್ತಿತ್ತು. ಗ್ರಾಫಿಕ್ಸ್ ಕೆಲಸ ಯಾವುದು ಮಾಡುತ್ತಿದೆ ಅಂತ ತೋರಿಸುವ ಜಿಎಲ್‌ಎಕ್ಸ್‌ಇನ್ಫೋ ಕಮಾಂಡ್ ಓಡಿಸಿದರೆ ಕಾರ್ಡ್ ಹೆಸರಿನ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅಂತಿತ್ತು. ಅಂದರೆ ಕಾರ್ಡ್ ಕೆಲಸ ಮಾಡದೆ ಗ್ರಾಫಿಕ್ಸ್ ಕೆಲಸವೆಲ್ಲ ಸಿಪಿಯು ಮೇಲೆ ಬಿದ್ದಿತ್ತು. ಡ್ರೈವರ್ ಕರ್ನಲ್‌ನಲ್ಲೇ ಇದೆ, ನಿಜ. ಆದರೆ ಅದಕ್ಕೆ ಬೇಕಾದ ಫರ್ಮ್‌ವೇರ್ (ಕಾರ್ಡ್‌ನೊಳಗೆ ಓಡುವ ಸಾಫ್ಟ್‌ವೇರ್) ಬೇರೆ ಪ್ಯಾಕೇಜ್, ಅದರ ಸೋರ್ಸ್ ಕೋಡ್ ಸಿಗುವುದಿಲ್ಲ. ಹಳೆಯ ಕಾರ್ಡ್ ಇದ್ದಾಗ ಡೆಬಿಯನ್ ಇನ್‌ಸ್ಟಾಲ್ ಮಾಡಿದ್ದೆ ಅಲ್ವಾ, ಹಾಗಾಗಿ ಈ ಫರ್ಮ್‌ವೇರ್ ಬಂದಿರಲಿಲ್ಲ. ಡೆಬಿಯನ್‌ನ ನಾನ್-ಫ್ರೀ-ಫರ್ಮ್‌ವೇರ್ ವಿಭಾಗದಿಂದ 'ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್' ಹಾಕಿ ರೀಬೂಟ್ ಮಾಡಿದೆ. ಸರಿಹೋಯಿತು.

ಆಮೇಲೆ ಕರ್ನಲ್ ಎರಡು ಸಲ ಅಪ್‌ಡೇಟ್ ಆಗಿದೆ. ಪರದೆ ಒಮ್ಮೆಯೂ ಕಪ್ಪಾಗಿಲ್ಲ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಈ ಕಾರ್ಡ್‌ನಿಂದ ರೆಂಡರಿಂಗ್ ಮಾಡಲು ಎಎಂಡಿಯ ಎಚ್‌ಐಪಿ ಅನ್ನೋ ಸಾಫ್ಟ್‌ವೇರ್ ಬೇಕು, ಅದಕ್ಕಿನ್ನೂ ಕೈ ಹಾಕಿಲ್ಲ. 'ಸುಮ್ನೆ ಜಾಸ್ತಿ ದುಡ್ಡು ಹಾಕಬೇಡ' ಅಂದವರಿಗೆ ವಿಶೇಷ ಥ್ಯಾಂಕ್ಸ್.