ಕ್ರಿಸ್ಟಲ್ ರಿವರ್‌ನಲ್ಲಿ ಮನಾಟಿ ಜೊತೆ ಈಜು: ಹೋಗಿ ಬಂದವರು ಹೇಳಿ

ಮೈಸೂರು_ಮಲ್ಲಿಗೆ: ಜನವರಿ ಕೊನೆಗೆ ಅಟ್ಲಾಂಟಾದ ಅಣ್ಣನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಕಾರಿನಲ್ಲಿ ಫ್ಲಾರಿಡಾದ ಕ್ರಿಸ್ಟಲ್ ರಿವರ್‌ಗೆ ಹೋಗಿ ಮನಾಟಿಗಳಿರುವ (ನೀರಿನ ಹುಲ್ಲು ತಿನ್ನುವ ದೊಡ್ಡ ಕಡಲಹಸು) ನೀರಿಗೆ ಇಳಿಯುವ ಆಸೆ. ಪ್ರಾಣಿಗೆ ಕಾಟ ಕೊಡದ ಬೋಟ್‌ನವರನ್ನು ಹುಡುಕುವುದು ಹೇಗೆ? ಅಮ್ಮನಿಗೆ ಈಜು ಬರಲ್ಲ, ಮಂಡಿನೋವು ಬೇರೆ.

ತುಮಕೂರು_ಟ್ಯಾಂಪಾ: ನಾವು ಟ್ಯಾಂಪಾದವರು, ಒಂದೂವರೆ ಗಂಟೆ ದಾರಿ. ಖರ್ಚು ಬರೆದುಕೊಳ್ಳಿ. ತಲೆಗೆ 79 ಡಾಲರ್, ನಾಲ್ಕು ಜನ. ವೆಟ್‌ಸೂಟ್ (ಚಳಿ ತಡೆಯುವ ರಬ್ಬರ್ ಈಜುಡುಪು) ಅದರಲ್ಲೇ ಸೇರಿದೆ ಅಂದಿದ್ದರು, ಅಲ್ಲಿ ಹೋದ ಮೇಲೆ ಮಕ್ಕಳ ಸೈಜಿಗೆ ಬೇರೆ ದುಡ್ಡು. ಫೋಟೊಗೆ 60. ಟಿಪ್ಸ್ 50. ಬೆಳಗ್ಗೆ ಆರೂವರೆಗೇ ಬೋಟ್, ಹಾಗಾಗಿ ಹಿಂದಿನ ರಾತ್ರಿಗೆ ಹೋಟೆಲ್. ವೀಕೆಂಡ್ ಅಂತ ಎರಡು ರಾತ್ರಿ ಕಡ್ಡಾಯ, ಅದೇ 380. ಪೆಟ್ರೋಲ್ ಸೇರಿಸಿ 850 ಮುಟ್ಟಿತು.

ಅಲ್ಲಿ ನೆಲದಿಂದ ಉಕ್ಕುವ ಊಟೆ ನೀರು ವರ್ಷವಿಡೀ 22 ಡಿಗ್ರಿ ಅಂತ ಎಲ್ಲರೂ ಬರೆಯುತ್ತಾರೆ. ನಿಜ. ಆದರೆ ನೀರಿಂದ ಮೇಲೆ ಬಂದಾಗ ಬೋಟಿನಲ್ಲಿ ಗಾಳಿ ಬೀಸುತ್ತದಲ್ಲ, ಆಗ ಹಲ್ಲು ಕಟಕಟ ಅನ್ನುತ್ತದೆ. ಮಗನ ತುಟಿ ನೀಲಿಯಾಗಿ ನನ್ನ ಹೆಂಡತಿ ಇಡೀ ದಾರಿ ನನ್ನ ಜೊತೆ ಮಾತಾಡಲಿಲ್ಲ.

ಆದರೂ ಹೇಳುತ್ತೇನೆ, ಪೈಸಾ ವಸೂಲ್. ಗೈಡ್ ನಮ್ಮ ಜೊತೆ ನೀರಿಗಿಳಿದಳು. ಕಾಲು ಬಡಿಯಬೇಡಿ, ಕೆಳಗೆ ನಿಂತರೆ ಕೆಸರು ಏಳುತ್ತೆ, ಸುಮ್ನೆ ನೂಡಲ್ (ತೇಲುವ ಫೋಮ್ ಕೊಳವೆ) ಹಿಡಿದು ತೇಲಿ ಅಂದಳು. ಒಂದು ತಾಯಿ, ಪಕ್ಕದಲ್ಲಿ ಮರಿ. ತಾಯಿಯ ಬೆನ್ನ ಮೇಲೆ ಹಸಿರು ಪಾಚಿ, ಅದನ್ನು ಸಣ್ಣ ಮೀನುಗಳು ಕುಟುಕುತ್ತಿದ್ದವು. ಮೇಲೆ ಬಂದು ಮೂಗಿನ ಎರಡು ಹೊಳ್ಳೆ ತೆರೆದು ಫುಸ್ ಅಂತ ಉಸಿರು ಬಿಟ್ಟು ಮತ್ತೆ ಮುಚ್ಚಿಕೊಂಡು ಕೆಳಗೆ ಹೋಯಿತು. ನಮ್ಮ ಕಡೆ ನೋಡಲೂ ಇಲ್ಲ.

ಗೈಡ್ ನೀರಿಗೆ ಇಳಿಯುತ್ತಾರಾ ಅಂತ ಮೊದಲೇ ಕೇಳಿ. ವೈಲ್ಡ್‌ಲೈಫ್ ರೆಫ್ಯೂಜ್ (ಅಲ್ಲಿನ ವನ್ಯಜೀವಿ ಧಾಮ) ಪರ್ಮಿಟ್ ಇದೆಯಾ ಅಂತಲೂ. ನಿಯಮಗಳ ವಿಡಿಯೊ ತೋರಿಸದೆ ಹತ್ತಿಸಿಕೊಳ್ಳುವ ಬೋಟ್ ಬೇಡವೇ ಬೇಡ.

ಬೆಣ್ಣೆದೋಸೆ: ಪೈಸಾ ವಸೂಲ್ ಅಂತೆ! ನಾವು ಹೂಸ್ಟನ್‌ನಿಂದ ವಿಮಾನ ಹತ್ತಿ ಬಂದವರು. ನಾವು ಹೋದ ದಿನ ತ್ರೀ ಸಿಸ್ಟರ್ಸ್ ಸ್ಪ್ರಿಂಗ್ಸ್ ಅನ್ನುವ ಊಟೆ ಬಂದ್. ರಾತ್ರಿ ಚಳಿ ಬಿದ್ದು ಮನಾಟಿಗಳೆಲ್ಲ ಊಟೆಯೊಳಗೆ ತುಂಬಿಕೊಂಡಿದ್ದವು, ಹಾಗಾದಾಗ ರೆಫ್ಯೂಜ್‌ನವರು ಈಜುವವರನ್ನು ಒಳಗೆ ಬಿಡುವುದಿಲ್ಲ. ಸರಿ, ಬಿಡಬೇಡಿ. ಆದರೆ ಬೋಟ್‌ನವನಿಗೆ ಇದು ಬೆಳಗ್ಗೆಯೇ ಗೊತ್ತಿತ್ತು! ಹಣ ತೆಗೆದುಕೊಂಡು, ಸೂಟ್ ಹಾಕಿಸಿ, ಹೊರಗಿನ ಕಿಂಗ್ಸ್ ಬೇ ಕೊಲ್ಲಿಯಲ್ಲಿ ಕಲಕಿದ ನೀರಿಗೆ ಇಳಿಸಿದ. ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಒಂದು ಬೂದು ನೆರಳು ಹೋಯಿತು. ರಿಫಂಡ್ ಕೇಳಿದರೆ "ಮನಾಟಿ ಕಂಡಿತಲ್ಲ" ಅಂದ. 312 ಡಾಲರ್ ಬೂದು ನೆರಳಿಗೆ. ವೆಟ್‌ಸೂಟ್ ವಾಸನೆಗೆ ಬೇರೆ ಚಾರ್ಜ್ ಮಾಡಲಿಲ್ಲ, ಪುಣ್ಯ. ಹಿಂದಿನವರು ಅದರೊಳಗೆ ಏನು ಮಾಡಿದ್ದರೋ ಹೇಳಬೇಕಿಲ್ಲ ಅಲ್ವಾ.

ಕಾಡುಸಂಪಿಗೆ: ಇಳಿಯಲೇಬೇಕು ಅನ್ನುವ ಹಟ ಯಾಕೆ? ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕಿಗೆ ಹೋಗಿ, ಆರ್ಲಾಂಡೊ ಹತ್ತಿರ. ಚಳಿಗಾಲದಲ್ಲಿ ಅಲ್ಲಿ ಯಾರನ್ನೂ ನೀರಿಗೆ ಬಿಡಲ್ಲ. ಕಾರಿಗೆ 6 ಡಾಲರ್, ಅಷ್ಟೇ. ಮರದ ಹಾದಿಯ ಮೇಲೆ ನಿಂತರೆ ಕೆಳಗೆ ಗಾಜಿನಂಥ ನೀರಿನಲ್ಲಿ ಸಾಲು ಸಾಲು ಮಲಗಿರುತ್ತವೆ. ವೀಕೆಂಡ್ ಆದರೆ ಬೇಗ ಹೋಗಿ, ಪಾರ್ಕಿಂಗ್ ತುಂಬಿದರೆ ಗೇಟ್ ಹಾಕುತ್ತಾರೆ. ನಾವು ಥರ್ಮಾಸಿನಲ್ಲಿ ಕಾಫಿ ಒಯ್ದಿದ್ದೆವು.

ನೀರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಮನಾಟಿಗೆ ಜೀವಕ್ಕೇ ಕುತ್ತು. ಬೆಚ್ಚಗಿನ ಊಟೆಗೆ ಬರುವುದು ಬದುಕಲು, ನಿಮ್ಮ ಸೆಲ್ಫಿಗೆ ಅಲ್ಲ. 2021ರಲ್ಲಿ ಫ್ಲಾರಿಡಾದಲ್ಲಿ 1,100 ಸತ್ತವು, ಮುಖ್ಯವಾಗಿ ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್‌ನಲ್ಲಿ ಕಡಲಹುಲ್ಲು ನಾಶವಾಗಿ ಹಸಿವಿನಿಂದ. ಅದಾದ ಮೇಲೂ ಸೂಟ್ ಹಾಕಿಕೊಂಡು ಹೋಗುತ್ತೀರಲ್ಲ, ನಾಚಿಕೆ ಆಗಬೇಕು.

ತುಮಕೂರು_ಟ್ಯಾಂಪಾ: ಮೇಡಂ, ನೀವೇ ಹೇಳಿದಿರಿ, ಹಸಿವಿನಿಂದ ಸತ್ತವು ಅಂತ. ಹುಲ್ಲು ಹೋಗಿದ್ದು ಕೊಳಕು ನೀರಿನಿಂದ. ನಾನು ನೂಡಲ್ ಮೇಲೆ ತೇಲಿದ್ದರಿಂದಲ್ಲ. ನಾವು ನೋಡಿದ ತಾಯಿಯ ಬೆನ್ನ ಮೇಲೂ ಪ್ರೊಪೆಲರ್ ಕೊಯ್ದ ಗೆರೆ ಇತ್ತು, ಒಂದರ ಪಕ್ಕ ಒಂದು. ಆ ಗಾಯದ ಗುರುತಿನಿಂದಲೇ ವಿಜ್ಞಾನಿಗಳು ಯಾವ ಮನಾಟಿ ಯಾವುದು ಅಂತ ಪತ್ತೆ ಹಚ್ಚುತ್ತಾರೆ. ಸ್ಪೀಡ್ ಬೋಟಿನವರಿಗೆ ಹೋಗಿ ಬುದ್ಧಿ ಹೇಳಿ.

ಕಾಡುಸಂಪಿಗೆ: ಅಲ್ಲಿಗೆ ನೀವು ಈಜಿಕೊಂಡು ಹೋದಿರಾ? ಬೋಟಿನಲ್ಲೇ ಅಲ್ವಾ?

ಮೈಸೂರು_ಮಲ್ಲಿಗೆ: ಅಮ್ಮನ ವಿಷಯ ಯಾರಾದರೂ...

ಸೀಬೆಹಣ್ಣು: ಅಮ್ಮ ಬೋಟಿನಲ್ಲೇ ಕೂರಬಹುದು, ಅಲ್ಲೂ ಉಸಿರಿನ ಸದ್ದು ಕೇಳುತ್ತೆ. ಏಣಿ ಹತ್ತಿಳಿಯುವ ಕಷ್ಟ ಇಲ್ಲ. ಇಲ್ಲದಿದ್ದರೆ ತ್ರೀ ಸಿಸ್ಟರ್ಸ್‌ನಲ್ಲೇ ದಡದ ಮೇಲೆ ಮರದ ಹಾದಿ ಇದೆ. ಅದಕ್ಕೆ ಬೇರೆ ಟಿಕೆಟ್.

ನನ್ನದು ಕೇಳಿ. ನಾನು ಅಲುಗದೆ ತೇಲುತ್ತಿದ್ದೆ. ಒಂದು ಮರಿ ತಾನೇ ಬಂದು ನನ್ನ ಮಾಸ್ಕಿಗೆ ಮೂತಿ ಒತ್ತಿತು. ಮೀಸೆ ಕೂದಲು ಗಾಜಿಗೆ ಉಜ್ಜಿದ್ದು ಕೇಳಿಸಿತು. ನಾನು ಮುಟ್ಟಿಲ್ಲ, ಅದೇ ಮುಟ್ಟಿತು!

ಬೆಣ್ಣೆದೋಸೆ: ಎಲ್ಲರೂ ಹೀಗೇ ಹೇಳುವುದು. ಅಟ್ಟಿಸಿಕೊಂಡು ಹೋಗುವುದು, ಸುತ್ತುವರಿಯುವುದು, ತಾಯಿ ಮರಿ ಮಧ್ಯೆ ನುಗ್ಗುವುದು, ತಿನ್ನಲು ಕೊಡುವುದು ಎಲ್ಲ ಅಪರಾಧ. ಫೆಡರಲ್ ದಂಡ 50,000 ಡಾಲರ್‌ವರೆಗೆ, ಒಂದು ವರ್ಷ ಜೈಲೂ ಇದೆ.

ಸೀಬೆಹಣ್ಣು: ಅದರಲ್ಲಿ ನಾನು ಯಾವುದು ಮಾಡಿದೆ? ನಿಮಗೆ ಬೂದು ನೆರಳು ಮಾತ್ರ ಸಿಕ್ಕಿತು ಅಂತ ನನ್ನ ಮೇಲೆ ಯಾಕೆ ಹೊಟ್ಟೆಕಿಚ್ಚು?

ಕುಂದಾಪ್ರದವ: ಎಂತ ಮಾರಾಯ್ರೆ, ಇಷ್ಟು ಡಾಲರ್ ಸುರಿಯುವ ಬದಲು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ಡೈವಿಂಗ್, ಫೋಟೊ ಎಲ್ಲ ಒಂದೇ ರೇಟು. ಮೀನಿನ ಊಟ ಬೋನಸ್.

ತುಮಕೂರು_ಟ್ಯಾಂಪಾ: ನೇತ್ರಾಣಿಯಲ್ಲಿ ಮನಾಟಿ ಎಲ್ಲಿಂದ ಬಂತು ಗುರುವೇ?

ಕುಂದಾಪ್ರದವ: ನಮ್ಮಲ್ಲೂ ಕಡಲಹಸು ಇದೆ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿ.ಮೀ. ಜಾಗವನ್ನೇ ಅದಕ್ಕೆ ಮೀಸಲಿಟ್ಟಿದ್ದಾರೆ.

ಕಾಡುಸಂಪಿಗೆ: ಅದು ಡುಗಾಂಗ್. ಅದರ ಬಾಲ ತಿಮಿಂಗಿಲದ ಹಾಗೆ ಸೀಳಿರುತ್ತೆ, ಮನಾಟಿಯದ್ದು ದುಂಡಗೆ. ಅದರ ಜೊತೆ ಈಜಲು ಜನರನ್ನು ಕಳಿಸಬೇಡಿ ದಯವಿಟ್ಟು, ಉಳಿದಿರುವುದೇ ಸ್ವಲ್ಪ.

ಕುಂದಾಪ್ರದವ: ನಾನು ಈಜಲು ಎಲ್ಲಿ ಹೇಳಿದೆ? ನಾನು ಹೇಳಿದ್ದು ನೇತ್ರಾಣಿ.

ಬೆಣ್ಣೆದೋಸೆ: ನೇತ್ರಾಣಿಯಲ್ಲಿ ಸಮುದ್ರ ಕೆಟ್ಟಿದೆ ಅಂತ ಬೋಟ್ ಬಿಡದಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ?

ಕುಂದಾಪ್ರದವ: ನನಗೆ ಕೊಟ್ಟರು. ಅರ್ಧ.